ನಿಮಗಿದು ಗೊತ್ತೆ? ಪೀಣ್ಯದ ವರ್ಕ್‌ಶಾಪಿಗೂ ಬರುತ್ತದೆ ವಿಶ್ವಸಂಸ್ಥೆಯ ನಿರ್ಣಯ 1540

ಬೆಂಗಳೂರಿನ ಸೋಲದೇವನಹಳ್ಳಿಯಿಂದ ಪೀಣ್ಯದ ಕಡೆ ಹೊರಟರೆ ಲೇತು, ಸಿಎನ್‌ಸಿ ಯಂತ್ರಗಳ ಸದ್ದು ಕಿವಿಗೆ ಬೀಳುತ್ತದೆ. ಅಣ್ವಸ್ತ್ರ ಉಗ್ರರ ಕೈಸೇರದಂತೆ ತಡೆಯುವ ಜಾಗತಿಕ ನಿಯಮ ಇಂಥ ವರ್ಕ್‌ಶಾಪುಗಳಿಗೂ ಅನ್ವಯಿಸುತ್ತದೆ.

ಯಾಕೆ ಎನ್ನುವುದಕ್ಕೆ ಒಂದು ಉದಾಹರಣೆ ನೋಡಿ. 2003ರ ಅಕ್ಟೋಬರ್‌ನಲ್ಲಿ ಲಿಬಿಯಾಕ್ಕೆ ಹೊರಟಿದ್ದ ‘ಬಿಬಿಸಿ ಚೈನಾ’ ಹಡಗನ್ನು ಇಟಲಿಯ ಟರಾಂಟೊ ಬಂದರಿಗೆ ತಿರುಗಿಸಿ ಶೋಧಿಸಲಾಯಿತು. ಸಿಕ್ಕಿದ್ದು ಬಾಂಬಲ್ಲ, ಯುರೇನಿಯಂ ಸಂವರ್ಧನೆಗೆ ಬೇಕಾದ ಸೆಂಟ್ರಿಫ್ಯೂಜ್‌ನ ಬಿಡಿಭಾಗಗಳು! ತಯಾರಾಗಿದ್ದು ಮಲೇಷ್ಯಾದ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ. ಮಾಡಿಸಿದ್ದು ಪಾಕಿಸ್ತಾನದ ಅಣು ವಿಜ್ಞಾನಿ ಎ.ಕ್ಯೂ. ಖಾನ್ ಅವರ ಜಾಲ.

ಜಗತ್ತು ಬೆಚ್ಚಿಬಿತ್ತು. 2004ರ ಏಪ್ರಿಲ್ 28ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಣಯ 1540ನ್ನು ಸರ್ವಾನುಮತದಿಂದ ಅಂಗೀಕರಿಸಿತು. ಅಣು, ರಾಸಾಯನಿಕ, ಜೈವಿಕ ಅಸ್ತ್ರಗಳು ಉಗ್ರರಿಗೆ ಸಿಗದಂತೆ ಪ್ರತಿ ದೇಶವೂ ಕಾನೂನು ಮಾಡಲೇಬೇಕು ಎಂಬುದು ಅದರ ತಿರುಳು. ಭಾರತ 2005ರಲ್ಲೇ ಸಮೂಹನಾಶಕ ಅಸ್ತ್ರಗಳ ಕಾಯ್ದೆ ತಂದಿತು. ಉಗ್ರರಿಗೆ ನೆರವಾಗುವ ಉದ್ದೇಶ ಸಾಬೀತಾದರೆ ಕನಿಷ್ಠ 5 ವರ್ಷ ಜೈಲು, ಗರಿಷ್ಠ ಜೀವಾವಧಿ. 2022ರ ತಿದ್ದುಪಡಿ ಇಂಥ ಕೃತ್ಯಕ್ಕೆ ಹಣ ಒದಗಿಸುವುದನ್ನೂ ನಿಷೇಧಿಸಿತು.

ಕೆಲವು ನಿಖರ ಯಂತ್ರೋಪಕರಣ, ರಾಸಾಯನಿಕ, ರೋಗಾಣುಗಳು ಭಾರತದ ರಫ್ತು ನಿಯಂತ್ರಣದ ‘ಸ್ಕೋಮೆಟ್’ ಪಟ್ಟಿಯಲ್ಲಿವೆ. ಪಟ್ಟಿಯ ಸರಕನ್ನು ಹೊರದೇಶಕ್ಕೆ ಕಳಿಸಲು ಪರವಾನಗಿ ಬೇಕು. ಪಟ್ಟಿಯಲ್ಲಿಲ್ಲದ ಸರಕಾದರೂ ಅದು ಇಂಥ ಅಸ್ತ್ರಕ್ಕೆ ಬಳಕೆಯಾಗುತ್ತದೆಂದು ಗೊತ್ತಿದ್ದೂ ಕಳಿಸುವುದು ಅಪರಾಧ. ಕಾಯ್ದೆಯ ಅತಿ ಮುಖ್ಯ ಅಂಶ ಇದೇ.

ರಫ್ತು ಮಾಡುವ ಸಣ್ಣ ಉದ್ಯಮಿಗಳೇ, ವಿದೇಶಿ ಗಿರಾಕಿ ಸರಕು ಯಾವುದಕ್ಕೆಂದು ಹೇಳಲು ತಡವರಿಸಿದರೆ ಆರ್ಡರ್ ಒಪ್ಪುವ ಮೊದಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವನ್ನು ವಿಚಾರಿಸಿ.