ಗಡಿಯಾರ ಮುಟ್ಟಿ ಹೊತ್ತು ನೋಡಿದವರು

ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡು ಆಸ್ಪತ್ರೆ ಸೇರಿದ ಬ್ರಿಟಿಷ್ ಸೈನಿಕರಿಗೆ ಸರ್ ಆರ್ಥರ್ ಪಿಯರ್ಸನ್ ಒಂದೊಂದು ಗಡಿಯಾರ ಕೊಡುತ್ತಿದ್ದರು. ಮುಚ್ಚಳ ತೆರೆದು, ಮುಳ್ಳುಗಳನ್ನೂ ಅಂಕಿಗಳ ಜಾಗದಲ್ಲಿ ಉಬ್ಬಿ ನಿಂತ ಚುಕ್ಕೆಗಳನ್ನೂ ಬೆರಳಿನಿಂದ ತಡವಿದರೆ ಹೊತ್ತೆಷ್ಟಾಯಿತೆಂದು ತಿಳಿಯುತ್ತಿತ್ತು. ಊಟಕ್ಕೂ ಓಡಾಟಕ್ಕೂ ಇನ್ನೊಬ್ಬರ ಕೈ ಹಿಡಿಯಬೇಕಾದ ಸ್ಥಿತಿಯಲ್ಲಿದ್ದ ಹುಡುಗ ಯಾರನ್ನೂ ಕೇಳದೆ ಮಾಡಬಹುದಾದ ಕೆಲಸ ಅದು. ಅದರ ಬೆಲೆ ಪಿಯರ್ಸನ್‌ಗೆ ಗೊತ್ತಿತ್ತು. 'ಡೈಲಿ ಎಕ್ಸ್‌ಪ್ರೆಸ್' ಪತ್ರಿಕೆ ಹುಟ್ಟುಹಾಕಿದ ಅವರು ಗ್ಲಾಕೋಮಾದಿಂದ ತಾವೇ ದೃಷ್ಟಿ ಕಳೆದುಕೊಂಡಿದ್ದರು.

1915ರಲ್ಲಿ ಅವರು ಕಟ್ಟಿದ ಸಂಸ್ಥೆ ಸೇಂಟ್ ಡನ್‌ಸ್ಟನ್ಸ್. ಹೆಸರು ಬಂದದ್ದು ಲಂಡನ್ನಿನ ರೀಜೆಂಟ್ಸ್ ಪಾರ್ಕ್‌ನಲ್ಲಿದ್ದ ದೊಡ್ಡ ಬಂಗಲೆಯಿಂದ; ಅದನ್ನು ಬಿಟ್ಟುಕೊಟ್ಟವರು ಅಮೆರಿಕದ ಶ್ರೀಮಂತ ಆಟೊ ಕಾನ್. ಅಲ್ಲಿಗೆ ಬಂದವರನ್ನು ಕೂರಿಸಿ ಸಾಕುವ ಯೋಚನೆ ಪಿಯರ್ಸನ್‌ಗೆ ಇರಲಿಲ್ಲ. ಬ್ರೈಲ್ ಓದು, ಟೈಪಿಂಗ್ ಜೊತೆಗೆ ಬುಟ್ಟಿ ಮತ್ತು ಚಾಪೆ ಹೆಣೆಯುವುದು, ಬೂಟು ರಿಪೇರಿ, ಮರಗೆಲಸ, ಮಸಾಜ್, ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ, ಹೀಗೆ ಹೊಟ್ಟೆಪಾಡಿಗೆ ಆಗುವ ಒಂದು ವಿದ್ಯೆಯನ್ನು ಪ್ರತಿಯೊಬ್ಬನೂ ಕಲಿಯಬೇಕು. ಕೋಳಿ ಸಾಕಣೆ ಆರಿಸಿಕೊಂಡವರು ಕೈಯಿಂದ ಸವರಿಯೇ ಇದು ಯಾವ ತಳಿ ಎಂದು ಗುರುತಿಸುವಷ್ಟು ಪಳಗುತ್ತಿದ್ದರು. ಬಿಡುವಿನಲ್ಲಿ ಪಾರ್ಕಿನ ಕೆರೆಯಲ್ಲಿ ದೋಣಿ ಹುಟ್ಟು ಹಾಕುವುದು, ಸಂಜೆ ನೃತ್ಯ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು, ಕಲಿಸುವವರಲ್ಲಿ ಅನೇಕರು ಅಂಧರೇ ಆಗಿದ್ದರು ಎಂಬುದು. ಕಣ್ಣಿದ್ದ ಶಿಕ್ಷಕ 'ನಿನ್ನಿಂದ ಆಗುತ್ತದೆ' ಎಂದರೆ ಅದು ಸಮಾಧಾನದ ಮಾತಾಗಬಹುದು. ಅದೇ ಮಾತನ್ನು ಕಣ್ಣಿಲ್ಲದವನೇ ಕೆಲಸ ಮಾಡುತ್ತ ಹೇಳಿದರೆ ಹುಡುಗ ನಂಬದೆ ಇರಲಾರ. ಕಲಿತು ಊರಿಗೆ ಹೋದವರ ಕೈಯನ್ನೂ ಸಂಸ್ಥೆ ಬಿಡಲಿಲ್ಲ. ಕಚ್ಚಾಮಾಲು ಒದಗಿಸುವುದಕ್ಕೂ ಅವರು ಮಾಡಿದ ವಸ್ತುಗಳನ್ನು ಮಾರಿಸುವುದಕ್ಕೂ ಪ್ರತ್ಯೇಕ ವ್ಯವಸ್ಥೆ ಇತ್ತು. ಪುನರ್ವಸತಿಯ ಯೋಜನೆಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ: ತರಬೇತಿಯ ಸರ್ಟಿಫಿಕೇಟ್ ಸಿಗುತ್ತದೆ, ಕೊಳ್ಳುವವರು ಸಿಗುವುದಿಲ್ಲ.

ಎಲ್ಲ ಗಾಯಾಳುಗಳಿಗೂ ಇಂಥ ಅದೃಷ್ಟ ಇರಲಿಲ್ಲ. ಆ ಯುದ್ಧದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡ ಬ್ರಿಟಿಷ್ ಸೈನಿಕರೇ 41,000ಕ್ಕೂ ಹೆಚ್ಚು. ರೋಹ್ಯಾಂಪ್ಟನ್ ಆಸ್ಪತ್ರೆಯಲ್ಲಿ ಕೃತಕ ಕಾಲು ಸಿಕ್ಕಿತು. ಆದರೆ ಆ ಕಾಲಿನಲ್ಲಿ ನಡೆದು ಹೋಗಿ ಸೇರಲು ಕೆಲಸ ಬೇಕಲ್ಲ? 1919ರ 'ಕಿಂಗ್ಸ್ ರೋಲ್' ಯೋಜನೆ ಮಾಲೀಕರಿಗೆ ಅಂಗವಿಕಲ ಮಾಜಿ ಸೈನಿಕರನ್ನು ತೆಗೆದುಕೊಳ್ಳಿ ಎಂದು ಕೇಳಿತೇ ಹೊರತು ಕಡ್ಡಾಯ ಮಾಡಲಿಲ್ಲ. ನಿರುದ್ಯೋಗ ಹೆಚ್ಚಿದ ವರ್ಷಗಳಲ್ಲಿ ಪದಕ ತೊಟ್ಟವರು ಬೀದಿಯಲ್ಲಿ ಬೆಂಕಿಪೊಟ್ಟಣ ಮಾರಿದರು. ಕಾನೂನು ಬಂದದ್ದು 1944ರಲ್ಲಿ, ಇನ್ನೊಂದು ಮಹಾಯುದ್ಧದ ನಡುವೆ. ದೇಶಕ್ಕಾಗಿ ಅಂಗ ಕೊಟ್ಟವರನ್ನು ಮಾಲೀಕರ ಮರ್ಜಿಗೆ ಬಿಟ್ಟ ಆ ಕಾಲು ಶತಮಾನವನ್ನು ನಾನಂತೂ ಅನ್ಯಾಯವೆಂದೇ ಕರೆಯುತ್ತೇನೆ.

ಸೇಂಟ್ ಡನ್‌ಸ್ಟನ್ಸ್‌ನ ಕಥೆ ಲಂಡನ್ನಿನಲ್ಲೇ ನಿಲ್ಲಲಿಲ್ಲ. 1915ರಲ್ಲಿ ಗ್ಯಾಲಿಪೊಲಿಯಲ್ಲಿ ಕಣ್ಣು ಕಳೆದುಕೊಂಡ ನ್ಯೂಜಿಲೆಂಡಿನ ಸೈನಿಕ ಕ್ಲೂಥಾ ಮೆಕೆಂಜಿ ಅಲ್ಲಿ ಬ್ರೈಲ್ ಕಲಿತರು. ಎರಡನೇ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಕೇಂದ್ರ ಶುರುವಾದಾಗ ಅದನ್ನು ನಡೆಸಿದವರು ಅವರೇ. ಸ್ವಾತಂತ್ರ್ಯದ ನಂತರ, 1950ರಲ್ಲಿ ಅದು ಭಾರತ ಸರ್ಕಾರದ ಕೈಗೆ ಬಂದು, ವಯಸ್ಕ ಅಂಧರ ತರಬೇತಿ ಕೇಂದ್ರವಾಗಿ ಸಾಮಾನ್ಯ ಜನರಿಗೂ ತೆರೆದುಕೊಂಡಿತು. ಇಂದಿನ ರಾಷ್ಟ್ರೀಯ ದೃಷ್ಟಿ ದಿವ್ಯಾಂಗರ ಸಬಲೀಕರಣ ಸಂಸ್ಥೆ ಬೆಳೆದದ್ದು ಅದರಿಂದಲೇ.

ಮೆಕೆಂಜಿ ಮುಂದೆ ಯುನೆಸ್ಕೊದಲ್ಲಿ ಜಗತ್ತಿನ ಬ್ರೈಲ್ ಪದ್ಧತಿಗಳನ್ನು ಹೊಂದಿಸುವ ಕೆಲಸಕ್ಕೆ ಕೂತರು. ಆಗ ಭಾರತದಲ್ಲಿ ಒಂದಲ್ಲ, ಹಲವು ಬ್ರೈಲ್‌ಗಳು ಚಾಲ್ತಿಯಲ್ಲಿದ್ದವು. ಒಂದನ್ನು ಕಲಿತವನಿಗೆ ಇನ್ನೊಂದು ಓದಲು ಬರುತ್ತಿರಲಿಲ್ಲ. ಆ ಚರ್ಚೆಗಳ ಕಾಲದಲ್ಲೇ, 1951ರಲ್ಲಿ, ನಮ್ಮ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಬಂತು. ಕನ್ನಡದ ಮಕ್ಕಳು ಇಂದು ಓದುವುದು ಅದನ್ನೇ. ಎಡ ಸಾಲಿನ ಮೇಲಿನ ಮತ್ತು ಕೆಳಗಿನ ಚುಕ್ಕೆ ಬೆರಳಿಗೆ ತಾಗಿದರೆ ಅದು 'ಕ'. ಹಿಂದಿ ಓದುವ ಮಗುವಿಗೂ ಅದೇ 'ಕ'.