ಪೆಟ್ಟಿಗೆಯೊಳಗಿನ ಭೂಮಿ

ಜಾಲಹಳ್ಳಿಯ ಬಳಿ ತುಮಕೂರು ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ರೈಲು ಓಡತೊಡಗಿದ್ದು 2015ರ ಮೇ ತಿಂಗಳಲ್ಲಿ. ಸಾಲುಗಟ್ಟಿ ನಿಂತ ಅದರ ಕಂಬಗಳನ್ನು ದಿನವೂ ಸಾವಿರಾರು ಮಂದಿ ಕಾಣುತ್ತಾರೆ. ಆ ಕಂಬಗಳನ್ನು ಹೊತ್ತ ನೆಲದ ಒಳಗನ್ನು ಕಂಡವರೆಷ್ಟು ಮಂದಿ? ನೆಲದೊಳಗೆ ಹೊಕ್ಕು ನೋಡುವಂತಿಲ್ಲ. ಆದಕಾರಣ ವಿಜ್ಞಾನಿಗಳು ಪೆಟ್ಟಿಗೆಯಲ್ಲಿ ಮಣ್ಣು ತುಂಬಿ, ಪುಟ್ಟದೊಂದು ತಳಹದಿಯನ್ನಿರಿಸಿ, ಭಾರ ಹೇರಿ ಪರೀಕ್ಷಿಸುತ್ತಾರೆ. ತೊಡಕು ಹುಟ್ಟುವುದು ಅಲ್ಲಿಯೇ. ಭೂಮಿಗೆ ಗೋಡೆಯಿಲ್ಲ, ಪೆಟ್ಟಿಗೆಗೆ ಇದೆ.

ಮನೆ ಕಟ್ಟಲು ತಂದು ಸುರಿದ ಮರಳಿನ ರಾಶಿಯ ಮೇಲೆ ಮಗು ಕಾಲಿಟ್ಟರೆ ಪಾದ ಹೂತುಹೋಗುತ್ತದೆ. ಮರಳು ಪಕ್ಕಕ್ಕೆ ಸರಿದು ಮೇಲಕ್ಕುಬ್ಬುತ್ತದೆ. ಅದೇ ಮರಳನ್ನು ಲೋಟದಲ್ಲಿ ಕುಟ್ಟಿ ತುಂಬಿ ಬೆರಳಿನಿಂದ ಒತ್ತಿರಿ. ಬೆರಳು ಇಳಿಯದು. ಸರಿದುಹೋಗಲು ಮರಳಿಗೆ ಲೋಟ ಎಡೆಗೊಡುವುದಿಲ್ಲ. ಬಲ ಮರಳಿನದಲ್ಲ, ಲೋಟದ್ದು!

ಗೋಡೆಯ ಈ ಉಪಕಾರ ಹೊಸ ಸಂಗತಿಯೇನಲ್ಲ. ಕಣಜದಲ್ಲಿ ಧಾನ್ಯ ಸುರಿಯುತ್ತ ಹೋದಂತೆ ತಳದ ಒತ್ತಡ ಒಂದು ಮಿತಿಯ ಆಚೆಗೆ ಏರುವುದಿಲ್ಲ. ಉಳಿದ ಭಾರವನ್ನು ಗೋಡೆಯೇ ತಿಕ್ಕಾಟದಿಂದ ಹಿಡಿದುಕೊಳ್ಳುತ್ತದೆ. ಜರ್ಮನಿಯ ಯಾನ್ಸನ್ ಎಂಬ ಇಂಜಿನಿಯರು 1895ರಲ್ಲಿಯೇ ಇದಕ್ಕೆ ಸೂತ್ರವನ್ನಿತ್ತನು. ಕಣಜಕ್ಕೆ ಇದು ವರ, ಪ್ರಯೋಗಶಾಲೆಗೆ ಮೋಸ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಮಣ್ಣು ತನ್ನ ಯೋಗ್ಯತೆಗಿಂತ ಗಟ್ಟಿಯಾಗಿ ತೋರುತ್ತದೆ. ಆ ಲೆಕ್ಕವನ್ನು ನಂಬಿ ಮನೆ ಕಟ್ಟಿದರೆ, ಬಿರುಕು ಕಾಣಿಸುವುದು ಪೆಟ್ಟಿಗೆಯಲ್ಲಲ್ಲ, ಮನೆಯ ಗೋಡೆಯಲ್ಲಿ.

ಆದ್ದರಿಂದ ಪೆಟ್ಟಿಗೆಯ ಅಗಲ ತಳಹದಿಯ ಅಗಲಕ್ಕಿಂತ ಕಡೆಯ ಪಕ್ಷ ಐದು ಪಟ್ಟಾದರೂ ಇರಲೆಂಬುದು ವಾಡಿಕೆ. ಬಿಗಿಯಾಗಿ ಕೂತ ಮರಳಿಗೆ ಅದೂ ಸಾಲದು. ಪಕ್ಕದ ಗೋಡೆಗಳಿಗೆ ನುಣುಪಾದ ಗಾಜನ್ನು ಅಳವಡಿಸುವುದುಂಟು. ಗ್ರೀಸು ಬಳಿದು ತೆಳುವಾದ ಹಾಳೆ ಹೊದಿಸುವುದೂ ಉಂಟು.

ಭೂಕಂಪದ ಪರೀಕ್ಷೆಯಲ್ಲಂತೂ ಗೋಡೆಯ ಉಪಟಳ ಇಮ್ಮಡಿ. ಬಯಲಿನಲ್ಲಿ ದೂರ ಸಾಗಿಹೋಗಬೇಕಾದ ಅಲೆ ಗಡಸು ಗೋಡೆಗೆ ಬಡಿದು ಹಿಂದಿರುಗುತ್ತದೆ. ಜಾಲಹಳ್ಳಿಗೆ ಕೆಲವೇ ಮೈಲಿ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೊಂದು ಜಾಣತನದ ಪೆಟ್ಟಿಗೆಯನ್ನು ಬಳಸಿದ್ದಾರೆ. ಒಂದರ ಮೇಲೊಂದು ಪೇರಿಸಿದ 15 ಅಲ್ಯುಮಿನಿಯಂ ಚೌಕಟ್ಟುಗಳು, ನಡುವೆ ಎರಡು ಮಿಲಿಮೀಟರ್ ಸಂದು, ಉರುಳುವ ಬೇರಿಂಗುಗಳು. ಒಳಗಿನ ಮಣ್ಣು ತೂಗಿದಂತೆ ಗೋಡೆಯೂ ಪದರಪದರವಾಗಿ ತೂಗುತ್ತದೆ. ಎ. ಮುರಳಿ ಕೃಷ್ಣ ಮತ್ತು ಜಿ. ಮಾಧವಿ ಲತಾ ಅವರು, ಬಟ್ಟೆಯಂಥ ಹಾಳೆಗಳಿಂದ ಮರಳನ್ನು ಸುತ್ತಿ ಕಟ್ಟಿದ ತಡೆಗೋಡೆಯ ಮಾದರಿಗಳನ್ನು ಇದರಲ್ಲಿಟ್ಟು ಅಲುಗಿಸಿ, ಫಲಿತಾಂಶವನ್ನು 2007ರಲ್ಲಿ ಪ್ರಕಟಿಸಿದರು. ಮುಂದೆ ಚೆನಾಬ್ ಸೇತುವೆಯ ಕಾರ್ಯದಲ್ಲಿ ಹೆಸರಾದವರು ಇದೇ ಮಾಧವಿ ಲತಾ ಅವರು.

ಗೋಡೆ ತೂಗಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದಲ್ಲ. ಎರಡಡಿಯ ಮಾದರಿಯಲ್ಲಿ ಇಪ್ಪತ್ತಡಿ ಮಣ್ಣಿನ ಒತ್ತಡ ಎಲ್ಲಿಂದ ಬರಬೇಕು? ಅದಕ್ಕಾಗಿ ಮಾದರಿಯನ್ನು ಗಿರಗಿರನೆ ತಿರುಗಿಸಿ, ಅದರ ಭಾರವನ್ನು ಹತ್ತಾರು ಪಟ್ಟು ಹೆಚ್ಚಿಸುವ ಯಂತ್ರಗಳಿವೆ. ಆದರೆ ಅಲ್ಲಿಯೂ ಮಣ್ಣನ್ನು ತುಂಬುವುದು ಪೆಟ್ಟಿಗೆಯಲ್ಲಿಯೇ.