ಸೈಕಲ್ ಬಿಡಿಭಾಗಗಳ ಹೊಂದಾಣಿಕೆ: ಗ್ರಾಹಕರ ತೊಡಕು, ವರ್ತಕರ ಹೊಣೆ

ಹಳೆಯ ಸೈಕಲ್ಲಿನ ಉಕ್ಕಿನ ಚೌಕಟ್ಟು ದಶಕಗಳ ಕಾಲ ಬಾಳುತ್ತದೆ. ಚಕ್ರ, ಗೇರು, ಪೆಡಲುಗಳನ್ನು ಮನೆಯಲ್ಲಿಯೇ ಬದಲಿಸಿಕೊಂಡರೆ ಅಲ್ಪ ವೆಚ್ಚದಲ್ಲಿ ಹೊಸ ವಾಹನವೇ ದೊರೆತಂತಾಗುವುದೆಂಬುದು ಅನೇಕ ಗ್ರಾಹಕರ ಎಣಿಕೆ. ಆದರೆ ಕೊಂಡು ತಂದ ಭಾಗ ಹಳೆಯದರ ಜಾಗದಲ್ಲಿ ಕೂಡದಿದ್ದಾಗ ಹಣ, ಸಮಯ, ಸಹನೆ ಮೂರೂ ವ್ಯರ್ಥವಾಗುತ್ತವೆ. ಬಿಚ್ಚಿದ ಸರಕು ಮಳಿಗೆಗೆ ಹಿಂದಿರುಗಿದರೆ ವರ್ತಕರಿಗೂ ನಷ್ಟ ತಪ್ಪದು. ಒಂದೇ ಹೆಸರಿನಲ್ಲಿ ಹಲವು ಅಳತೆಗಳು ಬಳಕೆಯಲ್ಲಿರುವುದೇ ಈ ತೊಡಕಿನ ಮುಖ್ಯ ಕಾರಣ.

ಟೈರು ಮತ್ತು ರಿಮ್ಮು

'26 ಇಂಚು' ಎಂಬುದು ಟೈರಿನ ಹೊರ ಅಳತೆಯ ಸ್ಥೂಲ ಹೆಸರು ಮಾತ್ರ. ಟೈರು ರಿಮ್ಮಿನ ಮೇಲೆ ಕೂಡುವ ವ್ಯಾಸ 26×1.75ರಲ್ಲಿ 559 ಮಿ.ಮೀ. ಇದ್ದರೆ, 26×1 3/8ರಲ್ಲಿ 590 ಮಿ.ಮೀ. ಇರುತ್ತದೆ. ಅಂತೆಯೇ 28×1½ರ ವ್ಯಾಸ 635 ಮಿ.ಮೀ.; 700ಸಿ ಎನಿಸಿಕೊಳ್ಳುವ ಚಕ್ರದ್ದು 622 ಮಿ.ಮೀ. ಹಿರಿದಾದ ಟೈರನ್ನು ಕಿರಿದಾದ ರಿಮ್ಮಿಗೆ ತೊಡಿಸಿದಲ್ಲಿ ಗಾಳಿ ತುಂಬಿದಾಗ ಅದು ಕಳಚಿಕೊಳ್ಳುವ ಅಪಾಯವಿದೆ.

ಥ್ರೆಡ್ಡಿನ ದಿಕ್ಕು

ಕ್ರ್ಯಾಂಕಿನ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್‌ನಲ್ಲಿ ಇಂಗ್ಲಿಷ್ ಮಾದರಿಯದು 1.37 ಇಂಚಿನ ವ್ಯಾಸ ಹಾಗೂ ಇಂಚಿಗೆ 24 ಎಳೆಗಳನ್ನು ಹೊಂದಿದೆ. ಅದರ ಚೈನಿನ ಬದಿಯ ಥ್ರೆಡ್ ಎಡಮುಖವಾದುದು. ಇಟಲಿಯ ಮಾದರಿಯದು 36 ಮಿ.ಮೀ. ವ್ಯಾಸದ್ದಾಗಿದ್ದು ಎರಡೂ ಬದಿ ಬಲಮುಖವಾಗಿರುತ್ತದೆ. ಎಡ ಪೆಡಲಿನ ಥ್ರೆಡ್ ಸಹ ಎಡಮುಖವೇ. ಇದನ್ನರಿಯದೆ ಬಲಪ್ರಯೋಗ ಮಾಡಿದಲ್ಲಿ ಎಳೆಗಳು ಸವೆದು, ಚೌಕಟ್ಟೇ ನಿರುಪಯುಕ್ತವಾಗಬಹುದು.

ಗೇರು ಮತ್ತು ಚೈನು

ಹಿಂದೆ ಗೇರಿನ ಲಿವರನ್ನು ಸವಾರನೇ ಅಂದಾಜಿನಿಂದ ಎಳೆದು ನಿಲ್ಲಿಸುತ್ತಿದ್ದುದರಿಂದ ಬೇರೆ ಬೇರೆ ತಯಾರಕರ ಭಾಗಗಳನ್ನು ಬಹುಮಟ್ಟಿಗೆ ಬೆರೆಸಬಹುದಾಗಿತ್ತು. 1984ರಲ್ಲಿ ಜಪಾನಿನ ಶಿಮಾನೋ ಸಂಸ್ಥೆಯು 'ಕ್ಲಿಕ್' ಎಂದು ನಿಲ್ಲುವ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಇಂತಹ ವ್ಯವಸ್ಥೆಯಲ್ಲಿ ಲಿವರು ಎಳೆಯುವ ಕೇಬಲ್ಲಿನ ಪ್ರಮಾಣ, ಡಿರೈಲರಿನ ಚಲನೆ ಹಾಗೂ ಹಲ್ಲುಚಕ್ರಗಳ ನಡುವಿನ ಅಂತರ ಪರಸ್ಪರ ಹೊಂದಲೇಬೇಕು. ಸವಾರಿ ಸುಲಭವಾಯಿತು, ಬೆರಕೆ ಕಠಿಣವಾಯಿತು.

ಚೈನಿನ ಕೊಂಡಿಗಳ ಅಂತರ ಸಾಮಾನ್ಯವಾಗಿ ಅರ್ಧ ಇಂಚೇ ಆದರೂ, ಒಳ ಅಗಲ ಏಕವೇಗದ ಸೈಕಲ್ಲಿಗೆ ಬಹುತೇಕ 1/8 ಇಂಚು, ಗೇರಿನ ಸೈಕಲ್ಲಿಗೆ ಸುಮಾರು 3/32 ಇಂಚು. ಗೇರು ಚಕ್ರದ ಹಬ್ಬಿಗೆ ಹಿಂಬದಿಯಲ್ಲಿ ಸಾಮಾನ್ಯವಾಗಿ 130 ಅಥವಾ 135 ಮಿ.ಮೀ. ಅವಕಾಶ ಬೇಕು, ಏಕವೇಗದ ಚೌಕಟ್ಟಿನಲ್ಲಿ ಅಷ್ಟು ಜಾಗವಿರುವುದು ವಿರಳ. ಉಕ್ಕಿನ ಚೌಕಟ್ಟನ್ನು ಪರಿಣತರು ತುಸು ಅಗಲಿಸಬಲ್ಲರು. ಅಲ್ಯೂಮಿನಿಯಂ ಚೌಕಟ್ಟನ್ನು ಹಾಗೆ ಬಗ್ಗಿಸುವುದು ಸಲ್ಲದು.

ವರ್ತಕರು ಗಮನಿಸಬೇಕಾದುದು

ಲುಧಿಯಾನ ಮೊದಲಾದ ಕೇಂದ್ರಗಳಿಂದ ಸರಕು ತರಿಸುವಾಗ ಇಂಚಿನ ಹೆಸರಿನ ಬದಲು '37-590' ಎಂಬಂತೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂತಾರಾಷ್ಟ್ರೀಯ ಸಂಖ್ಯೆಯನ್ನೇ ಬೇಡಿಕೆ ಪತ್ರದಲ್ಲಿ ನಮೂದಿಸುವುದು ಲೇಸು. ಇದರಲ್ಲಿ ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಮೇಲೆ ಕೂಡುವ ವ್ಯಾಸ. ಗ್ರಾಹಕರಿಗೆ ಹಳೆಯ ಭಾಗವನ್ನು ಜೊತೆಯಲ್ಲಿ ತರುವಂತೆ ತಿಳಿಸಿ, ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದ ಮೇಲೆಯೇ ಮಾರಾಟ ಮಾಡಬೇಕು. ಅಳತೆಗೆ ಹಿಡಿಯುವ ಐದು ನಿಮಿಷಗಳು ಸರಕಿನ ವಾಪಸಾತಿಯನ್ನೂ ಗ್ರಾಹಕರ ಅಸಮಾಧಾನವನ್ನೂ ತಪ್ಪಿಸಬಲ್ಲವು.